ಎಂಬಿಬಿಎಸ್ಸೋ, ಫಿಸಿಷಿಯನ್ ಅಸಿಸ್ಟೆಂಟೋ: ಪದವಿಯ ನಂತರದ ಓದಿನ ಲೆಕ್ಕ

ಹಾಸನದಲ್ಲೇ ಎಂಬಿಬಿಎಸ್ ಓದುವುದೋ, ಅಮೆರಿಕಕ್ಕೆ ಹೋಗಿ ಫಿಸಿಷಿಯನ್ ಅಸಿಸ್ಟೆಂಟ್ (ವೈದ್ಯರ ಜೊತೆಗೂಡಿ ರೋಗಿಗಳನ್ನು ನೋಡುವವರು) ಆಗುವುದೋ ಎಂದು ತೂಗುತ್ತಿರುವವರು ಪದವಿಯ ನಂತರ, ವೃತ್ತಿಯಲ್ಲಿದ್ದುಕೊಂಡೇ ಮುಂದುವರಿಸಬೇಕಾದ ಓದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ನವೀಕರಣಕ್ಕೆ 5 ವರ್ಷಗಳಲ್ಲಿ 30 ಕ್ರೆಡಿಟ್ ಗಂಟೆಗಳು (ವೈದ್ಯಕೀಯ ಗೋಷ್ಠಿಗಳಂಥ ಕಲಿಕೆಗೆ ಸಿಗುವ ಅಂಕಗಳು) ಬೇಕು, ಅಂದರೆ ವರ್ಷಕ್ಕೆ ಸರಾಸರಿ ಆರು. ಕೇಳಲು ಅಲ್ಪವೆನಿಸಿದರೂ, ಸಕಲೇಶಪುರದ ಕಡೆ ಒಬ್ಬರೇ ವೈದ್ಯರಿರುವ ಕ್ಲಿನಿಕ್ಕಿಗೆ ಗೋಷ್ಠಿಗೆ ಹೋದ ದಿನ ಬೀಗ ಹಾಕಬೇಕಾಗುತ್ತದೆ. ಗೋಷ್ಠಿಯಲ್ಲಿ ಸಹಿ ಹಾಕಿ, ಊಟ ಮುಗಿಸಿ ಹೊರಡುವವರೂ ಇದ್ದಾರೆ ಎಂಬುದು ಬೇರೆ ಮಾತು.

ಅಮೆರಿಕದ ಫಿಸಿಷಿಯನ್ ಅಸಿಸ್ಟೆಂಟ್ ತನ್ನ ರಾಷ್ಟ್ರೀಯ ಪ್ರಮಾಣೀಕರಣ ಉಳಿಸಿಕೊಳ್ಳಲು ಪ್ರತಿ 2 ವರ್ಷಕ್ಕೆ 100 ಕ್ರೆಡಿಟ್ ಗಳಿಸಬೇಕು, ಅದರಲ್ಲಿ ಕನಿಷ್ಠ 50 ಮೊದಲ ವರ್ಗದವು, ಅಂದರೆ ಮಾನ್ಯತೆ ಪಡೆದ ಕಾರ್ಯಕ್ರಮಗಳಿಂದ ಬಂದವಾಗಿರಬೇಕು. ಜೊತೆಗೆ 10 ವರ್ಷದ ಆವರ್ತನದಲ್ಲಿ ಮರುಪ್ರಮಾಣೀಕರಣದ ಪರೀಕ್ಷೆಯೂ ಇದೆ. ಪರೀಕ್ಷೆಯೆಂದರೆ ಬೆವರುವವರಿಗೆ ಹಾಸನದ ದಾರಿಯೇ ಹಗುರ ಎಂದು ನನ್ನ ಎಣಿಕೆ.