ಊರಾಚೆ ಕೋರ್ಸ್ ಸಾಕಾ, ಕ್ಲಿನಿಕ್‌ಗೇ ಮೆಂಟರ್ ಬರಬೇಕಾ?

ಆಫ್ರಿಕಾದ ಹಳ್ಳಿ ಕ್ಲಿನಿಕ್‌ಗಳ ನರ್ಸ್‌ಗಳಿಗೆ ನೆರವಾಗಲು ನಿಮ್ಮ ಹತ್ತಿರ ಸ್ವಲ್ಪ ದುಡ್ಡಿದೆ ಅಂದುಕೊಳ್ಳಿ. ಸಾಮಾನ್ಯವಾಗಿ ಎರಡು ದಾರಿ ಇರುತ್ತವೆ.

ಒಂದು, ಪಟ್ಟಣದಲ್ಲಿ ಕೋರ್ಸ್. ಮಕ್ಕಳ ಕಾಯಿಲೆಗಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ರೂಪಿಸಿದ ಐಎಂಸಿಐ ತರಬೇತಿ ಮೂಲದಲ್ಲಿ 11 ದಿನದ್ದು. ಒಂದೇ ಸಲ ಹಲವರು ಕಲಿಯುತ್ತಾರೆ. ಆದರೆ ಇಬ್ಬರೇ ನರ್ಸ್‌ಗಳಿರುವ ಕಡೆ ಒಬ್ಬರು ಹೊರಟರೆ ಅಲ್ಲಿನ ರೋಗಿಗಳ ಸಾಲು ನೋಡುವವರು ಯಾರು?

ಇನ್ನೊಂದು, ಅನುಭವಿ ನರ್ಸೇ ಮೆಂಟರ್ ಆಗಿ ಕ್ಲಿನಿಕ್‌ಗೆ ಹೋಗಿ ಅಲ್ಲಿನ ನರ್ಸ್ ಪಕ್ಕದಲ್ಲಿ ಕೂರುವುದು. ರುವಾಂಡಾದ ಕಿರೆಹೆ ಮತ್ತು ದಕ್ಷಿಣ ಕಯೋಂಜಾದಲ್ಲಿ 2010ರಲ್ಲಿ ಶುರುವಾದ ಮೆಶ್ ಯೋಜನೆ ಇಂಥದ್ದು. ಸರ್ಕಾರದ ಜೊತೆ ಪಾರ್ಟ್‌ನರ್ಸ್ ಇನ್ ಹೆಲ್ತ್ ಎಂಬ ಆರೋಗ್ಯ ಸೇವಾ ಸಂಸ್ಥೆ ಕೈಜೋಡಿಸಿತ್ತು.

ವ್ಯತ್ಯಾಸ ಗೊತ್ತಾಗುವುದು ಕೆಮ್ಮುವ ಮಗು ಬಂದಾಗ. ಉಸಿರನ್ನು ಪೂರಾ ಒಂದು ನಿಮಿಷ ಎಣಿಸಬೇಕು. 2 ತಿಂಗಳಿಂದ ವರ್ಷದೊಳಗಿನ ಮಗುವಿಗೆ 50 ಅಥವಾ ಜಾಸ್ತಿ, 1ರಿಂದ 5 ವರ್ಷದವರಿಗೆ 40 ಅಥವಾ ಜಾಸ್ತಿ ಬಂದರೆ ನ್ಯುಮೋನಿಯಾ ಶಂಕೆ. ಕೋರ್ಸ್ ಮುಗಿಸಿದವರಿಗೂ ಇದು ಬಾಯಿಪಾಠ ಇರುತ್ತದೆ. ಆದರೆ ಹೊರಗೆ ಜನ ಕಾಯುತ್ತಿದ್ದರೆ ಸುಮ್ನೆ ಅರ್ಧ ನಿಮಿಷಕ್ಕೆ ಅಂದಾಜು ಹಾಕುವುದು ಸುಲಭ, ಅಲ್ವಾ? ಪಕ್ಕದಲ್ಲಿರುವ ಮೆಂಟರ್ ಅದನ್ನು ಅಲ್ಲೇ ಹಿಡಿಯುತ್ತಾರೆ. ಟೈಮರ್ ಕೆಟ್ಟಿದ್ದರೆ ಅದೂ ಕಣ್ಣಿಗೆ ಬೀಳುತ್ತದೆ.

ಮೆಂಟರ್‌ಗೆ ವಾಹನ, ಇಂಧನ, ಸಂಬಳ ಬೇಕು. ಭೇಟಿ ನಿಂತರೆ ಪ್ರಯೋಜನವೂ ಸೊರಗುತ್ತದೆ. ಹೊಸಬರೇ ತುಂಬಿದ್ದರೆ ಮೊದಲು ಕೋರ್ಸ್ ಮಾಡಿಸಿ. ಒಮ್ಮೆ ಕಲಿತವರಿದ್ದರೆ ನನ್ನ ಓಟು ಮೆಂಟರ್‌ಗೆ. ನ್ಯುಮೋನಿಯಾಕ್ಕೆ ಕೊಡುವ ಅಮಾಕ್ಸಿಸಿಲಿನ್ ಔಷಧಿ ಸ್ಟಾಕೇ ಇಲ್ಲದ ಕ್ಲಿನಿಕ್ ಆದರೆ, ಮೊದಲು ಔಷಧಿ ಸರಬರಾಜು ನೋಡಿ.