ಮಂಡ್ಯದ ಹಂಪ್ಸಿಗೆ ಟರ್ಬೊನಾ, ಸೂಪರ್‌ಚಾರ್ಜರಾ?

ನನ್ನದು ಒಂದು ಲೀಟರಿನ, ಮೂರು ಸಿಲಿಂಡರಿನ ಟರ್ಬೊ ಪೆಟ್ರೋಲ್ ಕಾರು. ಮನೆ ಮಂಡ್ಯ, ಕೆಲಸ ಮೈಸೂರು. ಹಲವು ವರ್ಷಗಳಿಂದ ಇದರಲ್ಲೇ ಓಡಾಟ. ಭಾವನ ಹತ್ತಿರ ಹಳೆಯ ಮರ್ಸಿಡಿಸ್ ಸಿ 200 ಕಾಂಪ್ರೆಸರ್ ಇದೆ, 1.8 ಲೀಟರ್, ಸೂಪರ್‌ಚಾರ್ಜರ್ ಇರುವುದು. ಅವರು ಹಬ್ಬಕ್ಕೆ ಬಂದರೆ ಕೀ ನನ್ನ ಕೈಲೇ ಇರುತ್ತದೆ.

ಎರಡರ ಕೆಲಸವೂ ಎಂಜಿನ್ನಿಗೆ ಜಾಸ್ತಿ ಗಾಳಿ ತುಂಬುವುದು. ಸೂಪರ್‌ಚಾರ್ಜರನ್ನು ಎಂಜಿನ್ನೇ ಬೆಲ್ಟ್ ಹಾಕಿ ತಿರುಗಿಸಬೇಕು. ಟರ್ಬೊ ಸೈಲೆನ್ಸರ್ ಕಡೆ ಹೋಗುವ ಬಿಸಿ ಹೊಗೆಯಿಂದ ತಿರುಗುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು.

ವ್ಯತ್ಯಾಸ ಚೆನ್ನಾಗಿ ಗೊತ್ತಾಗುವುದು ಕಬ್ಬು ಅರೆಯುವ ಕಾಲದಲ್ಲಿ. ಸರ್ವಿಸ್ ರಸ್ತೆಯಲ್ಲಿ ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರ್, ಕೆಳಗೆ ಹಂಪ್. ಎರಡನೇ ಗೇರಿನಲ್ಲಿ ಆರ್‌ಪಿಎಂ 1500ಕ್ಕಿಂತ ಕೆಳಗಿಳಿದಿರುತ್ತದೆ. ಜಾಗ ಸಿಕ್ಕಿತು ಅಂತ ಎಕ್ಸಲರೇಟರ್ ಒತ್ತಿದರೆ ನನ್ನ ಕಾರು ಮೊದಲು ಸುಮ್ನಿರುತ್ತದೆ, ಆಮೇಲೆ ದಬಕ್ಕನೆ ನುಗ್ಗುತ್ತದೆ. ಹೊಗೆ ಜೋರಾಗಿ ಬಂದು ಟರ್ಬೊ ವೇಗ ಹಿಡಿಯುವ ತನಕ ಈ ಕಾಟ. ಇದೇ ಟರ್ಬೊ ಲ್ಯಾಗ್. ಭಾವನ ಕಾರು ಒತ್ತಿದ ಕೂಡಲೇ ಎಳೆಯುತ್ತದೆ. ಆ ಪಿಕಪ್‌ಗೆ ಮನಸೋಲದೆ ಇರೋದು ಕಷ್ಟ. ಆದರೆ ಬೆಲ್ಟ್ ತಿರುಗಿಸುವ ಶಕ್ತಿಯೂ ಪೆಟ್ರೋಲಿನಿಂದಲೇ ಬರಬೇಕಲ್ವಾ? ಮರ್ಸಿಡಿಸ್‌ನವರೇ ಮುಂದೆ ಸಿ 200ಕ್ಕೆ ಟರ್ಬೊ ಹಾಕಿದರು.

ಊಟಿ ಕಡೆ ಹೋದರೆ ನನ್ನ ಕಾರಿನ ಬಗ್ಗೆ ದೂರೇ ಇಲ್ಲ. ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿದೆ, ಊಟಿ 2200 ದಾಟುತ್ತದೆ. ಸಾವಿರ ಮೀಟರ್ ಏರಿದರೆ ಸಾದಾ ಎಂಜಿನ್ ಸುಮಾರು ಶೇ. 10ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಗಾಳಿ ತೆಳುವಾಗುತ್ತದೆ ನೋಡಿ. ಟರ್ಬೊ ಇನ್ನಷ್ಟು ಜೋರಾಗಿ ತಿರುಗಿ ಆ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಸೂಪರ್‌ಚಾರ್ಜರ್ ವೇಗ ಎಂಜಿನ್ ವೇಗಕ್ಕೆ ಕಟ್ಟುಬಿದ್ದದ್ದು, ಅದಕ್ಕೆ ಆ ದಾರಿಯಿಲ್ಲ. ಮಸಿನಗುಡಿಯಿಂದ ಕಲ್ಹಟ್ಟಿ ಏರುವ 36 ತಿರುವುಗಳಲ್ಲಿ ಮಾತ್ರ ಸೋಮಾರಿತನ ಮಾಡದೆ ಮೊದಲನೇ ಗೇರಿಗೆ ಇಳಿಸಿ.

ಆಯಿಲ್ ವಿಷಯದಲ್ಲಿ ನಾನು ಜಿಪುಣನಲ್ಲ. ಟರ್ಬೊ ನಿಮಿಷಕ್ಕೆ ಲಕ್ಷ ಸುತ್ತಿಗೂ ಮೀರಿ ತಿರುಗುತ್ತದೆ, ಬೇರಿಂಗ್ ಉಳಿಯುವುದು ಎಂಜಿನ್ ಆಯಿಲಿನಿಂದ. 'ಎಲ್ಲಾ ಆಯಿಲೂ ಒಂದೇ ಸಾರ್' ಅಂದ ಗ್ಯಾರೇಜಿಗೆ ಮತ್ತೆ ಹೋಗಿಲ್ಲ. ಎಕ್ಸ್‌ಪ್ರೆಸ್‌ವೇಯಲ್ಲಿ ಜೋರಾಗಿ ಓಡಿಸಿ ಬಂದಾಗ ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಫ್ ಮಾಡುತ್ತೇನೆ.

ನಮ್ಮ ಬಜೆಟ್ಟಿನ ಹೊಸ ಕಾರುಗಳಲ್ಲಿ ಹೇಗೂ ಸಿಗುವುದು ಟರ್ಬೊ. ಸೆಕೆಂಡ್ ಹ್ಯಾಂಡ್ ಸೂಪರ್‌ಚಾರ್ಜರ್ ಕಾರಿನ ಆಸೆ ಇದ್ದರೆ ಬೆಲ್ಟು, ಬೇರಿಂಗ್ ಸದ್ದು ಪರೀಕ್ಷೆ ಮಾಡಿಸಿ, ಬಿಡಿಭಾಗದ ಬೆಲೆಯನ್ನೂ ಮೊದಲೇ ಕೇಳಿ. ಟರ್ಬೊ ಟೆಸ್ಟ್ ಡ್ರೈವಿಗೆ ಮೈಸೂರಿನ ರಿಂಗ್ ರಸ್ತೆ ಬೇಡ, ಅಲ್ಲಿ ಎಲ್ಲಾ ಕಾರೂ ಚೆನ್ನಾಗೇ ಓಡುತ್ತದೆ. ನಾಲ್ಕು ಜನ ಕೂತು, ಎಸಿ ಹಾಕಿ, ಚಾಮುಂಡಿ ಬೆಟ್ಟ ಹತ್ತಿಸಿ ನೋಡಿ.