ಥಂಡಿ ಗ್ಯಾರೇಜು, ಎರಡು ಸೆಟ್ ಚಕ್ರ, ಒಂದು ಜಿಯೋಲೈಟ್ ಡಿಹ್ಯುಮಿಡಿಫೈಯರ್: ಕೆಲವು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಡಿಹ್ಯುಮಿಡಿಫೈಯರ್ ಅಂದರೆ ಗಾಳಿಯ ತೇವ ತೆಗೆಯುವ ಯಂತ್ರ. ನನ್ನದು ಚೆನ್ನಾಗಿದೆ, ಇನ್ನೂ ಓಡುತ್ತಿದೆ, ಕೆಟ್ಟುಹೋದರೆ ಇದೇ ಬಗೆಯದನ್ನೇ ಮತ್ತೆ ಕೊಳ್ಳುತ್ತೇನೆ. ಆದರೆ ಬೂಷ್ಟು ಕಂಡ ತಕ್ಷಣ ಓಡಿಹೋಗಿ ತರುವ ವಸ್ತು ಇದಲ್ಲ. ನೀರು ಎಲ್ಲಿಂದ ಬರುತ್ತಿದೆ ಅಂತ ನೋಡದೆ ಇದನ್ನು ತಂದಿಟ್ಟರೆ ತೂತು ಬಿದ್ದ ದೋಣಿಯಿಂದ ನೀರು ಮೊಗೆದ ಹಾಗೆ. ತೊಟ್ಟಿ ದಿನವೂ ತುಂಬುತ್ತದೆ, ನೋಡಿ ಖುಷಿಯೂ ಆಗುತ್ತದೆ, ಗೋಡೆ ಮಾತ್ರ ಒದ್ದೆಯಾಗಿಯೇ ಇರುತ್ತದೆ.

ನನ್ನ ಗ್ಯಾರೇಜು ಅರ್ಧ ನೆಲದೊಳಗೆ ಇದೆ. ಕಾಂಕ್ರೀಟ್ ನೆಲ, ಹೀಟರ್ ಇಲ್ಲ, ಒಂದೇ ದೊಡ್ಡ ಬಾಗಿಲು. ಕಾರಿಗೆ ಚಳಿಗಾಲಕ್ಕೊಂದು, ಬೇಸಿಗೆಗೊಂದು ಸೆಟ್ ಚಕ್ರ. ಬೇಸಿಗೆಯಲ್ಲಿ ಚಳಿಗಾಲದ ಚಕ್ರಗಳು ಅಲ್ಲಿರುತ್ತವೆ, ಚಳಿಗಾಲದಲ್ಲಿ ಬೇಸಿಗೆಯವು. ರಿಮ್ ಸಮೇತ, ಅಲಾಯ್. ಅಂದರೆ ವರ್ಷಪೂರ್ತಿ ಒಂದು ಸೆಟ್ ಅಲ್ಲೇ ಬಿದ್ದಿರುತ್ತದೆ. ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಟೈರಿನ ಬದಿಯ ರಬ್ಬರಿನ (ಸೈಡ್‌ವಾಲ್) ಮೇಲೆ ಬೂದು ಬಣ್ಣದ ಚುಕ್ಕೆ ಚುಕ್ಕೆ ಬೂಷ್ಟು, ಚಕ್ರ ಮುಚ್ಚಿದ್ದ ಬಟ್ಟೆ ಚೀಲದ ಒಳಗೆ ಇನ್ನೂ ಜಾಸ್ತಿ.

ಆ ಚೀಲಗಳ ಬಗ್ಗೆ ಎರಡು ಮಾತು. ಚಕ್ರಗಳ ಜೊತೆಗೇ ಬಂದವು, ಹಿಡಿಕೆ ಇದೆ, ಎತ್ತಿಕೊಂಡು ಹೋಗಲು ಸಲೀಸು. ಸಾಗಿಸಲು ಇಟ್ಟುಕೊಳ್ಳಿ, ಕೂಡಿಡಲು ಬೇಡ. ಅಪ್ಪಟ ರಬ್ಬರ್ ಬೂಷ್ಟಿಗೆ ಅಷ್ಟೇನೂ ಇಷ್ಟದ ಊಟವಲ್ಲ. ಅದು ಬೆಳೆಯುವುದು ರಬ್ಬರಿನ ಮೇಲೆ ಕೂತ ಧೂಳು, ಕೊಳೆ, ಎಣ್ಣೆ ಜಿಡ್ಡಿನ ಮೇಲೆ. ಮತ್ತೆ ಚೀಲದ ಬಟ್ಟೆ, ರಟ್ಟಿನ ಡಬ್ಬ, ಮರದ ಹಲಗೆಯ ಮೇಲೆ. ಚೀಲ ಟೈರಿನ ಸುತ್ತ ಬಿಗಿಯಾಗಿ ಕೂತರೆ ಒಳಗಿನ ತೇವ ಹೊರಗೆ ಹೋಗುವುದಿಲ್ಲ. ಗಾಳಿಯಾಡದ ದಪ್ಪ ಪ್ಲಾಸ್ಟಿಕ್ ಚೀಲ ಬಳಸುವವರೂ ಇದ್ದಾರೆ, ರಬ್ಬರ್ ಬೇಗ ಒಣಗಿ ಗಡಸಾಗದಿರಲಿ ಅಂತ. ಅದು ತಪ್ಪಲ್ಲ. ಆದರೆ ಟೈರು ಪೂರ್ತಿ ಒಣಗಿರಬೇಕು, ಪೂರ್ತಿ ಅಂದರೆ ಪೂರ್ತಿ. ಬೋಲ್ಟ್ ಹಾಕುವ ತೂತುಗಳಲ್ಲಿ, ಅಲಾಯ್ ಕಡ್ಡಿಗಳ ಹಿಂಭಾಗದ ಸಂದಿಯಲ್ಲಿ, ಸಮತೋಲನಕ್ಕೆ ಅಂಟಿಸಿದ ಸೀಸದಂಥ ಪಟ್ಟಿಗಳ ಅಂಚಿನಲ್ಲಿ ನೀರು ನಿಂತಿರುತ್ತದೆ. ಬಟ್ಟೆಯಿಂದ ಒರೆಸಿದರೆ ಅದು ಹೋಗುವುದಿಲ್ಲ. ಗಾಳಿ ತುಂಬುವ ಪಂಪಿನ ನಳಿಕೆ ಹಿಡಿದು ಊದಿ ನೋಡಿ, ಒಣಗಿದೆ ಅಂದುಕೊಂಡಿದ್ದ ಚಕ್ರದಿಂದ ಎಷ್ಟು ಹನಿ ಹಾರುತ್ತವೆ ಅಂತ ಗೊತ್ತಾಗುತ್ತದೆ.

ತೊಳೆಯುವುದು ಬಿಡಬೇಡಿ. ಬ್ರೇಕ್ ಧೂಳಿನಲ್ಲಿ ಕಬ್ಬಿಣದ ಕಣಗಳಿರುತ್ತವೆ, ಹಿಮ ಕರಗಿಸಲು ಉಪ್ಪು ಹಾಕಿದ ರಸ್ತೆಯಲ್ಲಿ ಓಡಿದ ಚಕ್ರದಲ್ಲಿ ಉಪ್ಪೂ ಇರುತ್ತದೆ. ಉಪ್ಪು ಗಾಳಿಯಿಂದಲೇ ತೇವ ಎಳೆದುಕೊಳ್ಳುತ್ತದೆ. ಹಾಗೇ ಬಿಟ್ಟರೆ ವಾರ್ನಿಷ್ ಪದರದ ಅಡಿಯಲ್ಲಿ ಬಿಳಿ ದಾರದಂತೆ ತುಕ್ಕು ಹರಿಯುತ್ತದೆ, ಕಲ್ಲು ಬಡಿದು ಸಣ್ಣಗೆ ಚಕ್ಕೆ ಎದ್ದ ಜಾಗದಿಂದ ಶುರುವಾಗಿ. ಒಮ್ಮೆ ಹರಿದರೆ ಪಾಲಿಶ್ ಮಾಡಿ ತೆಗೆಯಲು ಆಗುವುದಿಲ್ಲ, ಪದರ ಪೂರ್ತಿ ಕಿತ್ತು ಮತ್ತೆ ಬಳಿಸಬೇಕು. ನನಗೆ ಬೂಷ್ಟಿಗಿಂತ ಇದರ ಭಯವೇ ಜಾಸ್ತಿ. ಬೂಷ್ಟು ಸೋಪು ನೀರಿಗೆ ಹೋಗುತ್ತದೆ. ಹೊಳಪಿಗೆ ಅಂತ ಟೈರಿಗೆ ಬಳಿಯುವ ದ್ರವವನ್ನೂ ಕೂಡಿಡುವ ಮುಂಚೆ ಹಚ್ಚಬೇಡಿ, ಆ ಜಿಡ್ಡಿನ ಮೇಲೆ ಧೂಳು ಅಂಟಿ ಬೂಷ್ಟಿಗೆ ಹಾಸಿಗೆ ಹಾಸಿಕೊಟ್ಟಂತೆ.

ಈಗ ನೀರಿನ ಮೂಲ. ಒಂದು ಸುಲಭ ಪರೀಕ್ಷೆ ಇದೆ. ಅರ್ಧ ಮೀಟರ್ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ನೆಲಕ್ಕೆ ಟೇಪಿನಿಂದ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಅಡಿಯಲ್ಲಿ ಹನಿ ಕಂಡರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ ತೇವ ನೆಲದಿಂದ ಮೇಲಕ್ಕೆ ಬರುತ್ತಿದೆ. ಮೇಲ್ಭಾಗ ಮಾತ್ರ ಒದ್ದೆಯಾಗಿದ್ದರೆ ಅದು ಗಾಳಿಯಿಂದ ಇಳಿದದ್ದು. ನನ್ನಲ್ಲಿ ಎರಡೂ ಇತ್ತು, ಅಡಿಯಲ್ಲಿ ಸ್ವಲ್ಪ, ಮೇಲೆ ಜಾಸ್ತಿ. ಮಳೆ ನೀರಿನ ಕೊಳವೆ ಗ್ಯಾರೇಜಿನ ಮೂಲೆಗೇ ಸುರಿಯುತ್ತಿತ್ತು, ಅದನ್ನು ದೂರಕ್ಕೆ ತಿರುಗಿಸಿದ್ದರಿಂದಲೇ ಆ ಮೂಲೆಯ ಗೋಡೆ ಎಷ್ಟೋ ಸುಧಾರಿಸಿತು. ಇದಕ್ಕೆ ಯಾವ ಯಂತ್ರವೂ ಬೇಕಾಗಲಿಲ್ಲ. ಇನ್ನು ಮಳೆಯಲ್ಲೋ ಹಿಮದಲ್ಲೋ ಬಂದ ಕಾರು ತಾನೇ ಲೀಟರುಗಟ್ಟಲೆ ನೀರು ಒಳಗೆ ತರುತ್ತದೆ. ಅದನ್ನು ರಬ್ಬರ್ ಒರಸುಕೋಲಿನಿಂದ ಬಾಗಿಲ ಹೊರಗೆ ತಳ್ಳಿದರೆ ಯಂತ್ರಕ್ಕೆ ಅಷ್ಟು ಕೆಲಸ ಕಮ್ಮಿ.

"ಬಾಗಿಲು ತೆಗೆದಿಡಿ, ಗಾಳಿಯಾಡಲಿ" ಅಂತ ಎಲ್ಲರೂ ಹೇಳುತ್ತಾರೆ ಅಲ್ವಾ? ಬೇಸಿಗೆಯಲ್ಲಿ ಇದು ಉಲ್ಟಾ ಹೊಡೆಯುತ್ತದೆ. ಹೊರಗೆ 25 ಡಿಗ್ರಿ, ತೇವಾಂಶ ಶೇ. 60 ಇದ್ದರೆ ಆ ಗಾಳಿಯಿಂದ ಹನಿ ಇಳಿಯುವುದು ಸುಮಾರು 17 ಡಿಗ್ರಿಗೆ. ನೆಲದೊಳಗಿನ ಗ್ಯಾರೇಜಿನ ಕಾಂಕ್ರೀಟ್ 14-15 ಡಿಗ್ರಿ ಇದ್ದರೆ, ಹೊರಗಿನ ಒಳ್ಳೆ ಗಾಳಿ ಒಳಗೆ ಬಂದು ನೆಲದ ಮೇಲೆ, ರಿಮ್ಮಿನ ಮೇಲೆ ನೀರಾಗಿ ಕೂರುತ್ತದೆ. ಲೋಹ ತಣ್ಣಗಿರುತ್ತದೆ, ಅದಕ್ಕೇ ಮೊದಲು. ಆದ್ದರಿಂದ ಬೇಸಿಗೆಯಲ್ಲಿ ರಾತ್ರಿ ಅಥವಾ ಬೆಳಗಿನ ಜಾವದ ತಂಪು ಗಾಳಿ ಬಿಡಿ, ಮಧ್ಯಾಹ್ನ ಮುಚ್ಚಿಡಿ. ಚಳಿಗಾಲದ ಒಣ ದಿನಗಳಲ್ಲಿ ಧಾರಾಳವಾಗಿ ತೆಗೆಯಬಹುದು.

ಇಷ್ಟೆಲ್ಲ ಮಾಡಿದ ಮೇಲೂ ತೇವಾಂಶ ಅಳೆಯುವ ಮೀಟರು ಶೇ. 75ರಿಂದ ಕೆಳಗೆ ಇಳಿಯಲಿಲ್ಲ. ಆಗ ಯಂತ್ರ ಬಂತು.

ಡಿಹ್ಯುಮಿಡಿಫೈಯರಿನಲ್ಲಿ ಮುಖ್ಯವಾಗಿ ಎರಡು ಜಾತಿ. ಕಂಪ್ರೆಸರ್ ಇರುವುದು ಫ್ರಿಜ್ಜಿನ ಹಾಗೆ ಸುರುಳಿಯನ್ನು ತಣ್ಣಗೆ ಮಾಡಿ ಅದರ ಮೇಲೆ ನೀರು ಇಳಿಸುತ್ತದೆ. ಬೆಚ್ಚಗಿನ ಜಾಗದಲ್ಲಿ ಇದೇ ಒಳ್ಳೆಯದು, ಕರೆಂಟೂ ಕಮ್ಮಿ. ಆದರೆ ಸುಮಾರು 15 ಡಿಗ್ರಿಗಿಂತ ಕೆಳಗೆ ಹೋದರೆ ಸುರುಳಿಯ ಮೇಲೆ ಮಂಜುಗಡ್ಡೆ ಕಟ್ಟತೊಡಗುತ್ತದೆ. ಆಮೇಲೆ ಯಂತ್ರ ನೀರು ತೆಗೆಯುವುದಕ್ಕಿಂತ ತನ್ನ ಮಂಜು ಕರಗಿಸಿಕೊಳ್ಳುವುದರಲ್ಲೇ ಹೊತ್ತು ಕಳೆಯುತ್ತದೆ. ಇನ್ನೊಂದು ಜಿಯೋಲೈಟ್ ಬಗೆಯದು. ಅದರಲ್ಲಿ ಜಿಯೋಲೈಟ್ ಅನ್ನುವ ತೇವ ಹೀರುವ ಖನಿಜದ ಒಂದು ಗಾಲಿ ನಿಧಾನಕ್ಕೆ ತಿರುಗುತ್ತಿರುತ್ತದೆ. ಒಂದು ಕಡೆ ಗಾಳಿಯ ತೇವ ಹೀರುತ್ತದೆ, ಇನ್ನೊಂದು ಕಡೆ ಸಣ್ಣ ಹೀಟರ್ ಅದನ್ನು ಒಣಗಿಸುತ್ತದೆ, ಆ ಆವಿ ತಣಿದು ತೊಟ್ಟಿಗೆ ಬೀಳುತ್ತದೆ. 5 ಡಿಗ್ರಿಯಲ್ಲೂ ಕೆಲಸ ಮಾಡುತ್ತದೆ. ಬಿಸಿ ಮಾಡದ ಗ್ಯಾರೇಜಿಗೆ ಇದೇ ಸರಿ, ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಹೀಟರ್ ಇರುವುದರಿಂದ ಕರೆಂಟ್ ಕುಡಿಯುತ್ತದೆ, ನನ್ನದು ಜೋರಾಗಿ ಓಡುವಾಗ 600 ವ್ಯಾಟ್ ಹತ್ತಿರ. ಆದರೆ ಆ ಬಿಸಿ ಪೂರ್ತಿ ದಂಡವಲ್ಲ. 8 ಡಿಗ್ರಿಯಲ್ಲಿ ಶೇ. 80 ತೇವಾಂಶ ಇರುವ ಗಾಳಿಯನ್ನು ಒಂದು ಹನಿಯೂ ತೆಗೆಯದೆ ಸುಮ್ನೆ 12 ಡಿಗ್ರಿಗೆ ಬೆಚ್ಚಗೆ ಮಾಡಿದರೂ ಮೀಟರು ಶೇ. 61ರ ಆಸುಪಾಸಿಗೆ ಇಳಿಯುತ್ತದೆ. ಯಂತ್ರ ಎರಡೂ ಕೆಲಸ ಒಟ್ಟಿಗೆ ಮಾಡುತ್ತದೆ. ನಾನು ಶೇ. 55ಕ್ಕೆ ಇಟ್ಟಿದ್ದೇನೆ. ಶೇ. 60ರ ಒಳಗೆ ಇದ್ದರೆ ಬೂಷ್ಟು ಬೆಳೆಯುವುದು ಕಷ್ಟ, ಅದಕ್ಕಿಂತ ತುಂಬಾ ಕೆಳಗೆ ಇಳಿಸುವುದು ಕರೆಂಟಿಗೆ ದಂಡ. ಯಂತ್ರದಲ್ಲೇ ಇರುವ ಮೀಟರನ್ನು ನಂಬಬೇಡಿ. ಅದು ತನ್ನ ಬಿಸಿಗಾಳಿಯ ಪಕ್ಕದ ತೇವವನ್ನೇ ಅಳೆಯುತ್ತದೆ. ಬೇರೆ ಮೀಟರೊಂದನ್ನು ದೂರದ ಮೂಲೆಯಲ್ಲಿ, ಚಕ್ರಗಳ ಹಿಂದೆ, ನೆಲಕ್ಕೆ ಹತ್ತಿರ ಇಡಿ. ನನ್ನಲ್ಲಿ ಎರಡರ ನಡುವೆ ಶೇ. 10ರಷ್ಟು ವ್ಯತ್ಯಾಸ ಬರುತ್ತದೆ.

ಯಾರೂ ಹೇಳದ ವಿಷಯ ಒಂದಿದೆ. ನನ್ನ ಯಂತ್ರದಲ್ಲಿ ಅಯಾನೈಸರ್ ಅಂತ ಬಟನ್ ಇದೆ, ಗಾಳಿ ಶುದ್ಧ ಮಾಡುತ್ತದೆ ಅಂತ ಡಬ್ಬದ ಮೇಲೆ ಬರೆದಿದ್ದಾರೆ. ಟೈರ್ ಇಟ್ಟ ಜಾಗದಲ್ಲಿ ಅದನ್ನು ಆಫ್ ಮಾಡಿ. ಅಯಾನೈಸರುಗಳು ಸ್ವಲ್ಪ ಓಝೋನ್ ಬಿಡಬಹುದು, ರಬ್ಬರಿಗೆ ಓಝೋನ್ ಶತ್ರು. ಟೈರಿನ ಸೈಡ್‌ವಾಲಿನಲ್ಲಿ ಕೂದಲೆಳೆಯಂಥ ಬಿರುಕು ಬರುತ್ತದಲ್ಲ, ಅದಕ್ಕೆ ದೊಡ್ಡ ಕಾರಣ ಓಝೋನೇ. ವೆಲ್ಡಿಂಗ್ ಯಂತ್ರ, ಕಿಡಿ ಹಾರುವ ಹಳೇ ಮೋಟಾರುಗಳನ್ನು ಟೈರಿನಿಂದ ದೂರ ಇಡಿ ಅನ್ನುವುದೂ ಇದೇ ಕಾರಣಕ್ಕೆ. ಗ್ಯಾರೇಜಿಗೆ ಮಾರುವ ಯಂತ್ರದಲ್ಲಿ ಆ ಬಟನ್ ಯಾಕೆ ಇದೆಯೋ!

ಕಿರಿಕಿರಿಗಳು ಇಲ್ಲ ಅಂತಲ್ಲ. ಆಫ್ ಮಾಡಿದ ಮೇಲೂ ಹೀಟರ್ ತಣಿಯಲು ಫ್ಯಾನ್ ಕೆಲವು ನಿಮಿಷ ಓಡಬೇಕು, ಹಾಗಾಗಿ ಗೋಡೆಯ ಟೈಮರ್ ಸ್ವಿಚ್ಚಿಗೆ ಹಾಕಿ ದಿಢೀರ್ ಕರೆಂಟ್ ಕತ್ತರಿಸುವಂತಿಲ್ಲ. ತೊಟ್ಟಿ ಚಿಕ್ಕದು, ತುಂಬಿದರೆ ನಿಂತುಬಿಡುತ್ತದೆ. ಪೈಪ್ ಹಾಕಿ ಚರಂಡಿಗೆ ಬಿಟ್ಟೆ, ಅದಕ್ಕೆ ಯಂತ್ರ ಎತ್ತರದಲ್ಲಿರಬೇಕು, ಪೈಪು ಎಲ್ಲೂ ಮೇಲಕ್ಕೆ ಬಾಗಬಾರದು. ಪೈಪಿನ ಹೊರಗಿನ ತುದಿ ಚಳಿಗೆ ಹೆಪ್ಪುಗಟ್ಟಿದರೆ ನೀರು ವಾಪಸ್ ತೊಟ್ಟಿಗೇ ಬರುತ್ತದೆ. ಎತ್ತರದಲ್ಲಿ ಇಡಲು ಇನ್ನೊಂದು ಕಾರಣವೂ ಇದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಹರಡುತ್ತದೆ. ಒಳಗೆ ಹೀಟರ್ ಇರುವ ಯಂತ್ರವನ್ನು ನೆಲದ ಮೇಲೆ, ಪೆಟ್ರೋಲ್ ಡಬ್ಬಿಯ ಪಕ್ಕ ಇಡುವ ಯೋಚನೆಯನ್ನೇ ಮಾಡಬೇಡಿ. ಡಬ್ಬಿ ಆ ಕೋಣೆಯಲ್ಲೇ ಇರಬಾರದು, ಟೈರಿಗೂ ಪೆಟ್ರೋಲ್ ಆಗುವುದಿಲ್ಲ. ಪೇಂಟ್ ಸ್ಪ್ರೇ ಮಾಡುವಾಗಲೂ ಯಂತ್ರ ಆಫ್ ಇರಲಿ. ಜಿಯೋಲೈಟ್ ವಾಸನೆಯನ್ನೂ ಹೀರುತ್ತದೆ, ಆಮೇಲೆ ಬಿಸಿಯಾದಾಗ ವಾಪಸ್ ಬಿಡುತ್ತದೆ. ಫಿಲ್ಟರ್ ಮಾತ್ರ ಆಗಾಗ ತೆಗೆದು ಧೂಳು ಕೊಡವಬೇಕು, ಗ್ಯಾರೇಜಿನ ಧೂಳು ಮನೆಯ ಧೂಳಿನ ಹಾಗಲ್ಲ.

ಅಗ್ಗಕ್ಕೆ ಸಿಗುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಗಳನ್ನೂ ಬಳಸಿದ್ದೇನೆ. ಬೀರುವಿಗೆ ಪರವಾಗಿಲ್ಲ. ಇಡೀ ಗ್ಯಾರೇಜಿಗೆ ಏನೇನೂ ಸಾಲದು. ಮೇಲಾಗಿ ಅದು ತೇವ ಹೀರಿ ಉಪ್ಪು ನೀರಾಗುತ್ತದೆ, ಆ ನೀರು ಅಲಾಯ್ ಮೇಲೆ ಚೆಲ್ಲಿದರೆ ರಸ್ತೆಯ ಉಪ್ಪನ್ನು ತೊಳೆದದ್ದೆಲ್ಲ ವ್ಯರ್ಥ.

ಚಕ್ರ ಇಡುವ ಸ್ಟ್ಯಾಂಡಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗೋಡೆಗೆ ಹೊಡೆದ ಸ್ಟೀಲ್ ಸ್ಟ್ಯಾಂಡು, ಗೋಡೆಯಿಂದ ಒಂದು ಅಂಗೈ ಅಂತರ ಬಿಟ್ಟಿದ್ದೇನೆ, ಹಿಂದೆ ಗಾಳಿಯಾಡಲಿ ಅಂತ. ರಿಮ್ ಸಮೇತ ಇರುವ ಚಕ್ರವನ್ನು ನೇತುಹಾಕಬಹುದು, ಅಥವಾ ಮಲಗಿಸಿ ಒಂದರ ಮೇಲೊಂದು ಪೇರಿಸಬಹುದು. ರಿಮ್ ಇಲ್ಲದ ಬರೀ ಟೈರನ್ನು ನೇತುಹಾಕಬಾರದು, ನಿಲ್ಲಿಸಿ ಇಟ್ಟು ತಿಂಗಳಿಗೊಮ್ಮೆ ಸ್ವಲ್ಪ ತಿರುಗಿಸಬೇಕು. ಪೇರಿಸುವುದಾದರೆ ಅಡಿಗೆ ಮರದ ಹಲಗೆ ಬೇಡ, ಪ್ಲಾಸ್ಟಿಕ್ಕಿನದು ಇಡಿ. ಯಾವ ಚಕ್ರ ಎಲ್ಲಿತ್ತು ಅಂತ ಸೀಮೆಸುಣ್ಣದಲ್ಲಿ ಬರೆದಿಡಿ. ಮತ್ತೆ ಹಾಕುವಾಗ ಗಾಳಿ ನೋಡಿ, 50ರಿಂದ 100 ಕಿಲೋಮೀಟರ್ ಓಡಿಸಿದ ಮೇಲೆ ಬೋಲ್ಟುಗಳ ಬಿಗಿಯನ್ನು ಇನ್ನೊಮ್ಮೆ ಪರೀಕ್ಷಿಸಿ. ಹಾಗೇ ಟೈರಿನ ಸೈಡ್‌ವಾಲ್ ಮೇಲಿನ ನಾಲ್ಕು ಅಂಕಿಯನ್ನೂ ಓದಿ. 3521 ಅಂದರೆ 2021ರ 35ನೇ ವಾರ ತಯಾರಾದದ್ದು. ಬೂಷ್ಟು ಹಿಡಿಯದಂತೆ ಜೋಪಾನ ಮಾಡಿದ ಟೈರೂ ವಯಸ್ಸಾದರೆ ಬದಲಿಸಲೇಬೇಕು.

ಹಳೇ ಬೂಷ್ಟನ್ನು ಹೊಸ ಯಂತ್ರ ಕೊಲ್ಲುವುದಿಲ್ಲ, ಬೆಳೆಯುವುದನ್ನು ನಿಲ್ಲಿಸುತ್ತದೆ ಅಷ್ಟೇ. ಆದ್ದರಿಂದ ಮೊದಲು ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಒಣ ಬ್ರಷ್ ಹಾಕಿದರೆ ಅದರ ಪುಡಿ ಗ್ಯಾರೇಜ್ ತುಂಬ ಹಾರುತ್ತದೆ. ಬ್ಲೀಚನ್ನು ಅಲಾಯ್ ಹತ್ತಿರ ತರಬೇಡಿ, ಆಸಿಡ್ ಇರುವ ರಿಮ್ ಕ್ಲೀನರ್ ಜೊತೆ ಅಂತೂ ಬೆರೆಸಲೇಬೇಡಿ, ವಿಷಗಾಳಿ ಬರುತ್ತದೆ. ಬಟ್ಟೆಗೆ, ರಟ್ಟಿಗೆ ಆಳಕ್ಕೆ ಹಿಡಿದಿದ್ದರೆ ಆ ವಸ್ತುವನ್ನೇ ಎಸೆಯಿರಿ.

ನಿಮ್ಮ ಗ್ಯಾರೇಜು ಮನೆಗೆ ಅಂಟಿಕೊಂಡಿದ್ದು ಚಳಿಗಾಲದಲ್ಲೂ 15 ಡಿಗ್ರಿಗಿಂತ ಕೆಳಗೆ ಇಳಿಯದಿದ್ದರೆ ಈ ಯಂತ್ರ ಬೇಡ, ಕಂಪ್ರೆಸರ್‌ನದೇ ತಗೊಳ್ಳಿ. ಬಾಗಿಲಿನ ಅಡಿಯಲ್ಲಿ ಕೈ ತೂರುವಷ್ಟು ಸಂದಿ ಇದ್ದರೆ ಮೊದಲು ಅಲ್ಲಿಗೆ ರಬ್ಬರ್ ಪಟ್ಟಿ ಹಾಕಿಸಿ, ಇಲ್ಲದಿದ್ದರೆ ಊರಿನ ಗಾಳಿಯನ್ನೆಲ್ಲ ಒಣಗಿಸಲು ಹೊರಟ ಹಾಗೆ. ಪಟ್ಟಿ ಹಾಕಿದ ಮೇಲೆ ಮೀಟರನ್ನು ಎರಡು ವಾರ ನೋಡಿ. ಆಗಲೂ ಶೇ. 70ರ ಮೇಲೆಯೇ ನಿಂತಿದ್ದರೆ ಮಾತ್ರ ಯಂತ್ರ ತನ್ನಿ.